ನಂದಿಯ ತಪ್ಪಲೋ, ನಾಸಿಕ್ಕೋ? ವೈನ್ ತೋಟ ಆರಿಸುವ ಮುಂಚೆ

ನಂದಿ ಬೆಟ್ಟದ ಬುಡದಲ್ಲಿ ಮೊದಲ ಸಲ ಶಿರಾಜ್ ವೈನಿನ ಗ್ಲಾಸಿಗೆ ಮೂಗು ಇಟ್ಟಾಗ ನನಗೆ ನೆನಪಾದದ್ದು ನಮ್ಮಜ್ಜಿ ಮನೆಯ ಅಟ್ಟ. ತೀರ್ಥಹಳ್ಳಿ ಕಡೆಯ ಆ ಮನೆಯಲ್ಲಿ ಒಣಗಿದ ಕರಿಮೆಣಸಿನ ಚೀಲಗಳು ಅಟ್ಟದ ಮೇಲೆ ಇರುತ್ತಿದ್ದವು. ಚೀಲದ ಬಾಯಿ ಬಿಚ್ಚಿದರೆ ಬರುತ್ತಿದ್ದ ಘಾಟು ಇಲ್ಲಿ, ಈ ಗ್ಲಾಸಿನಲ್ಲಿ! ಸುಮ್ನೆ ನನಗೆ ಹಾಗೆ ಅನ್ನಿಸುತ್ತಿದೆ ಅಂದುಕೊಂಡೆ. ಆಮೇಲೆ ಓದಿದಾಗ ಗೊತ್ತಾಯಿತು, ಅದು ನಿಜವಾಗಿಯೂ ಅದೇ ವಾಸನೆ. ಕರಿಮೆಣಸಿಗೆ ಆ ಘಮ ಕೊಡುವ ರೊಟುಂಡೋನ್ ಅನ್ನುವ ವಸ್ತು ಶಿರಾಜ್ ದ್ರಾಕ್ಷಿಯ ಸಿಪ್ಪೆಯಲ್ಲೂ ಇದೆ. ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಇದನ್ನು ಪ್ರಕಟಿಸಿದರು. ಸುಮಾರು ಐವರಲ್ಲಿ ಒಬ್ಬರ ಮೂಗಿಗೆ ಅದು ಗೊತ್ತೇ ಆಗುವುದಿಲ್ಲವಂತೆ. ನನ್ನ ಜೊತೆ ಬಂದಿದ್ದ ಅಕ್ಕ ಆ ಐದನೆಯವಳು. ಅದೇ ಅಜ್ಜಿ, ಅದೇ ಅಟ್ಟ. ಆದರೂ ಅವಳಿಗೆ ಏನೂ ಸಿಗಲಿಲ್ಲ.

ಆ ದಿನದಿಂದ ವೈನ್ ನನಗೆ ಹುಚ್ಚು ಹಿಡಿಸಿತು. ನಂದಿಗೆ ಎಷ್ಟೋ ಸಲ ಹೋದೆ. ಚನ್ನಪಟ್ಟಣ, ನಾಸಿಕ್, ಅಕ್ಲೂಜ್ ಎಲ್ಲ ಸುತ್ತಿದೆ. ಈಗ ಗೆಳೆಯರು ಕೇಳುವ ಪ್ರಶ್ನೆ ಒಂದೇ: ವೈನ್ ತೋಟ ನೋಡಬೇಕು, ಎಲ್ಲಿಗೆ ಹೋಗೋಣ? ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ನಿಮಗೆ ರುಚಿ ಕಲಿಯಬೇಕಾ, ಎರಡು ದಿನ ಊರು ಬಿಟ್ಟು ಹಾಯಾಗಿರಬೇಕಾ? ಎರಡೂ ಒಳ್ಳೆಯದೇ. ಆದರೆ ಎರಡಕ್ಕೂ ಜಾಗ ಬೇರೆ.

ನಂದಿ: ಹತ್ತಿರ, ನಿಧಾನ, ಕಲಿಯುವವರಿಗೆ

ದೇವನಹಳ್ಳಿಯಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ದಾರಿಯಲ್ಲಿ ಗ್ರೋವರ್ ಜಂಪಾ ತೋಟ ಇದೆ. ಬೆಂಗಳೂರಿನಿಂದ 40 ಕಿಲೋಮೀಟರ್ ಆಸುಪಾಸು. ಬೆಳಿಗ್ಗೆ ಹೊರಟರೆ ಸಂಜೆಗೆ ಮನೆಯಲ್ಲಿರಬಹುದು.

ಇದರ ಕಥೆ ನನಗೆ ತುಂಬ ಇಷ್ಟ. ಕನ್ವಲ್ ಗ್ರೋವರ್ ಮುಂಬೈನ ಉದ್ಯಮಿ. ಕೆಲಸದ ಮೇಲೆ ಫ್ರಾನ್ಸಿಗೆ ಹೋಗಿ ಬಂದು ಅಲ್ಲಿನ ವೈನಿಗೆ ಮನಸೋತವರು. ನಮ್ಮ ದೇಶದಲ್ಲೂ ಅಂಥದ್ದು ಬೆಳೆಯಬೇಕು ಅಂತ ಹಟ ಹಿಡಿದರು. ಶಾಂಪೇನ್ ಪ್ರದೇಶದ ಜಾರ್ಜ್ ವೆಸೆಲ್ ಅನ್ನುವ ಪರಿಣತರನ್ನು ಕರೆತಂದು ಜಾಗ ಹುಡುಕಿಸಿದರು, ತಳಿಗಳನ್ನು ಒಂದೊಂದಾಗಿ ನೆಟ್ಟು ನೋಡಿದರು. ಕೊನೆಗೆ 1988ರಲ್ಲಿ ನಂದಿಯ ತಪ್ಪಲಲ್ಲಿ ನೆಲೆ ನಿಂತರು. ಮೊದಲ ವೈನ್ ಬಂದದ್ದು 1992ರಲ್ಲಿ. ಆಮೇಲೆ ಫ್ರಾನ್ಸಿನ ಬೋರ್ಡೋದ ಹೆಸರಾಂತ ವೈನ್ ಸಲಹೆಗಾರ ಮಿಶೆಲ್ ರೋಲಾನ್ ಇಲ್ಲಿಗೆ ಸಲಹೆ ಕೊಡಲು ಬಂದರು. ಕೆಬರ್ನೆ ಸೊವಿನ್ಯೋನ್ ಮತ್ತು ಶಿರಾಜ್ ಅನ್ನುವ ಎರಡು ಕೆಂಪು ವೈನ್ ದ್ರಾಕ್ಷಿ ಬೆರೆಸಿ ಮಾಡುವ 'ಲಾ ರಿಸರ್ವ್' ಇಲ್ಲಿನ ಹೆಸರುವಾಸಿ ಕೆಂಪು ವೈನ್.

ಜಾಗ ಯಾಕೆ ಇಲ್ಲೇ ಅಂದರೆ ಎತ್ತರ. ಬೆಂಗಳೂರಿನ ಪ್ರಸ್ಥಭೂಮಿ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಹಗಲು ಬಿಸಿಲಿದ್ದರೂ ರಾತ್ರಿ ತಂಪು. ದ್ರಾಕ್ಷಿ ಹಣ್ಣಾಗುವಾಗ ರಾತ್ರಿ ತಂಪಿದ್ದರೆ ಹುಳಿ ಉಳಿಯುತ್ತದೆ. ಹುಳಿ ಇಲ್ಲದ ವೈನ್ ನಿಂಬೆ ಹಿಂಡದ ಕೋಸಂಬರಿ ಇದ್ದ ಹಾಗೆ, ಸಪ್ಪೆ.

ಇಲ್ಲಿನ ಸುತ್ತಾಟ ಒಂದೂವರೆ ಎರಡು ಗಂಟೆಯದು. ತೋಟ, ಸ್ಟೀಲ್ ಟ್ಯಾಂಕುಗಳು, ಓಕ್ ಮರದ ಪೀಪಾಯಿಗಳ ತಂಪು ಕೋಣೆ, ಕೊನೆಗೆ ಮೇಜಿನ ಮುಂದೆ ಕೂತು ಐದಾರು ವೈನುಗಳ ರುಚಿ. ಮುಂಚೆಯೇ ಬುಕ್ ಮಾಡಿ ಹೋಗಿ. ಸಾಧ್ಯವಾದರೆ ವಾರದ ನಡುವೆ ಹೋಗಿ. ಭಾನುವಾರ ನಂದಿ ಬೆಟ್ಟಕ್ಕೆ ಸೂರ್ಯೋದಯ ನೋಡಲು ಹೋಗುವವರ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡರೆ ಅರ್ಧ ದಿನ ಹೋಯಿತು. ವಾರದ ನಡುವೆ ಗುಂಪು ಚಿಕ್ಕದು. ನಿಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ. ಇನ್ನೊಂದು ಸಲ ಮೂಸಿ ನೋಡುತ್ತೇನೆ ಅಂದರೆ ಯಾರೂ ಅವಸರ ಮಾಡುವುದಿಲ್ಲ. ನನ್ನ ಮಟ್ಟಿಗೆ ನಂದಿಯ ದೊಡ್ಡ ಲಾಭ ಇದೇ. ಹಿಂತಿರುಗುವಾಗ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನ ನೋಡಬೇಕು ಅಂದರೆ, ದೇವಸ್ಥಾನಕ್ಕೆ ಬೆಳಿಗ್ಗೆಯೇ ಹೋಗಿ, ವೈನ್ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.

ಈ ಸೀಮೆಯಲ್ಲಿ ಇನ್ನೊಂದು ದ್ರಾಕ್ಷಿ ಇದೆ. ನಮಗೆಲ್ಲ ಚಿಕ್ಕಂದಿನಿಂದ ಗೊತ್ತಿರುವ ಬೆಂಗಳೂರು ಬ್ಲೂ. ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರದ ರೈತರು ತಲೆಮಾರುಗಳಿಂದ ಬೆಳೆಯುವ ಹಣ್ಣು. ಭೌಗೋಳಿಕ ಗುರುತೂ (ಜಿಐ ಟ್ಯಾಗ್) ಇದೆ. ಆದರೆ ಇದು ಅಮೆರಿಕದ ಕಾಡು ದ್ರಾಕ್ಷಿಯ ಬಳಗದ್ದು, ಯುರೋಪಿನ ವೈನ್ ದ್ರಾಕ್ಷಿಯದ್ದಲ್ಲ. ಇದರ ಕಡು ಘಮಕ್ಕೆ ಕಾರಣ ಮೀಥೈಲ್ ಆಂತ್ರನಿಲೇಟ್. ದ್ರಾಕ್ಷಿ ಪೆಪ್ಪರಮೆಂಟಿಗೆ, ದ್ರಾಕ್ಷಿ ಸೋಡಾಕ್ಕೆ ಹಾಕುವ ವಾಸನೆ ಅದೇ. ಮಲ್ಲಿಗೆ ಹೂವಿನಲ್ಲೂ ಅದರ ಸುಳಿವು ಇದೆ! ಅಂಗಡಿಗಳಲ್ಲಿ ಸಿಗುವ ಸಿಹಿ ಕೆಂಪು 'ಪೋರ್ಟ್' ವೈನುಗಳಲ್ಲಿ ಹೆಚ್ಚಾಗಿ ಇಂಥ ದ್ರಾಕ್ಷಿ ಬಳಸುತ್ತಾರೆ. ನಮ್ಮಲ್ಲಿ ತುಂಬ ಜನರ ಮೊದಲ ವೈನ್ ಅದು. ಅದನ್ನು ಕುಡಿದು 'ವೈನ್ ಅಂದರೆ ಕೆಮ್ಮಿನ ಸಿರಪ್' ಅಂತ ದೂರ ಸರಿದವರು ದಯವಿಟ್ಟು ಒಂದು ಸಲ ನಂದಿಗೆ ಬನ್ನಿ.

ನಾಸಿಕ್: ದೊಡ್ಡದು, ಗಿಜಿಗಿಜಿ, ಆಯ್ಕೆ ಜಾಸ್ತಿ

ನಾಸಿಕ್ ಭಾರತದ ವೈನ್ ರಾಜಧಾನಿ ಅನ್ನುವ ಮಾತು ಸುಳ್ಳಲ್ಲ. ನಂದಿಯಲ್ಲಿ ನೀವು ಒಂದು ಮನೆಯ ರುಚಿ ನೋಡುತ್ತೀರಿ. ನಾಸಿಕ್ಕಿನಲ್ಲಿ ಇಡೀ ಬೀದಿಯೇ ಇದೆ.

ಸುಲಾ ಇಲ್ಲಿನ ದೊಡ್ಡ ಹೆಸರು. ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಬಿಟ್ಟು ಬಂದ ರಾಜೀವ್ ಸಾಮಂತ್ ತಮ್ಮ ಕುಟುಂಬದ ಜಮೀನಿನಲ್ಲಿ 1997ರಲ್ಲಿ ಬಳ್ಳಿ ನೆಟ್ಟರು. ಹೆಸರು ಅವರ ತಾಯಿ ಸುಲಭಾ ಅವರಿಂದ ಬಂದದ್ದು. 2000ದಲ್ಲಿ ಮೊದಲ ವೈನ್, 2005ರಲ್ಲಿ ರುಚಿ ನೋಡುವ ಕೋಣೆ. ಆಗ ನಮ್ಮ ದೇಶದಲ್ಲಿ ತೋಟಕ್ಕೆ ಬಂದು ವೈನ್ ಕುಡಿಯುವುದು ಅಂದರೆ ಯಾರಿಗೂ ಗೊತ್ತಿರಲಿಲ್ಲ. ಈಗ ಗಂಗಾಪುರ ಅಣೆಕಟ್ಟಿನ ಹತ್ತಿರದ ಆ ತೋಟಕ್ಕೆ ಶನಿವಾರ ಹೋದರೆ ಜಾತ್ರೆ. ತಾರಸಿಯ ಮೇಲೆ ಕೂತು ಬಳ್ಳಿ ಸಾಲುಗಳ ಆಚೆ ಸೂರ್ಯ ಮುಳುಗುವುದನ್ನು ನೋಡುವುದು ಚೆಂದ. ಆದರೆ ರುಚಿ ಕಲಿಯಲು ಆ ಗದ್ದಲ ಸರಿಯಲ್ಲ. ಪಕ್ಕದವರ ಪರ್ಫ್ಯೂಮ್, ಹಾಡು, ಫೋಟೋ. ಮೂಗಿಗೆ ಕೆಲಸ ಮಾಡಲು ಬಿಡುವುದಿಲ್ಲ.

ಹಾಗಂತ ಸುಲಾ ಬಿಡಬೇಡಿ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ. ಅಲ್ಲಿ ಶೆನಾನ್ ಬ್ಲಾಂಕ್ ಕುಡಿದು ನೋಡಿ. ಇದು ಫ್ರಾನ್ಸಿನ ಲ್ವಾರ್ ಕಣಿವೆಯ ದ್ರಾಕ್ಷಿ. ನಮ್ಮ ಬಿಸಿಲಿಗೂ ಹುಳಿ ಬಿಟ್ಟುಕೊಡದ ಗಟ್ಟಿ ತಳಿ. ಅದೇ ದ್ರಾಕ್ಷಿಯನ್ನು ಬಳ್ಳಿಯಲ್ಲೇ ಜಾಸ್ತಿ ದಿನ ಬಿಟ್ಟು ಕಿತ್ತು ಮಾಡುವ ಲೇಟ್ ಹಾರ್ವೆಸ್ಟ್ ವೈನನ್ನೂ ಪಕ್ಕದಲ್ಲೇ ಇಟ್ಟುಕೊಂಡು ಕುಡಿಯಿರಿ. ಒಂದೇ ಹಣ್ಣು. ಒಂದರಲ್ಲಿ ಎಳೆ ಸೀಬೆಕಾಯಿ, ಇನ್ನೊಂದರಲ್ಲಿ ಜೇನು ಮತ್ತು ಕಳಿತ ಬಾಳೆ. ಹತ್ತು ನಿಮಿಷದಲ್ಲಿ ಇಷ್ಟು ಕಲಿಸುವ ಪಾಠ ಬೇರೆ ಇಲ್ಲ.

ಸುಲಾದ ಪಕ್ಕದಲ್ಲೇ ಯಾರ್ಕ್ ಇದೆ. ಈಗ ಅದೂ ಸುಲಾದ ಒಡೆತನಕ್ಕೆ ಸೇರಿದೆ. ಸೋಮಾ ಕೂಡ ಅದೇ ದಾರಿಯಲ್ಲಿ. ದಿಂಡೋರಿ ಕಡೆ ಶಾಂಡೋನ್ ಇದೆ, ನೊರೆ ವೈನಿನ ಮನೆ. ಬಾಟಲಿಯೊಳಗೇ ಎರಡನೇ ಸಲ ಹುದುಗಿಸಿ ಗುಳ್ಳೆ ಬರಿಸುವ ಹಳೇ ಪದ್ಧತಿ ಅವರದ್ದು. ಆದರೆ ನನ್ನ ಮನಸ್ಸು ಗೆದ್ದದ್ದು ಇಗತ್‌ಪುರಿ ಕಡೆಯ ವ್ಯಾಲೋನ್. ಮುಕಣೆ ಜಲಾಶಯದ ದಂಡೆಯ ಚಿಕ್ಕ ತೋಟ. ಅಲ್ಲಿ ವಿಯೋನಿಯೆ ಅನ್ನುವ ಬಿಳಿ ವೈನ್ ಕುಡಿದೆ. ಗ್ಲಾಸು ಮೂಗಿನ ಹತ್ತಿರ ಬಂದಾಗ ಮೈಸೂರು ಮಲ್ಲಿಗೆಯ ದಂಡೆ ಬಿಚ್ಚಿದ ಹಾಗಾಯಿತು. ಅವತ್ತು ಇಡೀ ಮಧ್ಯಾಹ್ನ ನಾವು ನಾಲ್ಕು ಜನ ಬಿಟ್ಟರೆ ಅಲ್ಲಿ ಯಾರೂ ಇರಲಿಲ್ಲ.

ನಾಸಿಕ್ಕಿಗೆ ಕನಿಷ್ಠ ಎರಡು ರಾತ್ರಿ ಬೇಕು. ಕರ್ನಾಟಕ ಎಕ್ಸ್‌ಪ್ರೆಸ್ ನಾಸಿಕ್ಕಿಗೆ ಹೋಗುವುದಿಲ್ಲ, ಮನಮಾಡಿನಲ್ಲಿ ಇಳಿದು ಅಲ್ಲಿಂದ ರಸ್ತೆ ಹಿಡಿಯಬೇಕು. ಇಲ್ಲವೇ ಮುಂಬೈಗೆ ಹೋಗಿ ಅಲ್ಲಿಂದ ಮೂರು ನಾಲ್ಕು ಗಂಟೆ ಕಾರು. ಖರ್ಚು ನಂದಿಯ ಹಲವು ಪಟ್ಟು. ಹಾಗಾಗಿ ಒಂದೇ ದಿನಕ್ಕೆ ನಾಲ್ಕೈದು ತೋಟ ಮುಗಿಸಿಬಿಡೋಣ ಅನ್ನಿಸುತ್ತದೆ. ನಾನೂ ಮೊದಲ ಸಲ ಹಾಗೇ ಮಾಡಿದೆ. ಮೂರನೆಯ ತೋಟದಿಂದ ಆಚೆಗೆ ಒಂದು ರುಚಿಯೂ ನೆನಪಿಲ್ಲ. ನಾಲಿಗೆ ದಣಿಯುತ್ತದೆ. ದಿನಕ್ಕೆ ಎರಡು ತೋಟ ಸಾಕು. ಬೆಳಿಗ್ಗೆ ಒಂದು, ಊಟವಾಗಿ ವಿಶ್ರಾಂತಿಯ ನಂತರ ಒಂದು.

ಮಿಕ್ಕ ದಾರಿಗಳು

ಮೈಸೂರಿಗೆ ಹೋಗುವವರಿಗೆ ಚನ್ನಪಟ್ಟಣದ ಡೊಮೇನ್ ಸುಲಾ ಇದೆ. ಮುಂಚೆ ಹೆರಿಟೇಜ್ ವೈನರಿ ಅಂತ ಇತ್ತು, 2017ರಲ್ಲಿ ಸುಲಾ ಕೊಂಡುಕೊಂಡಿತು. ಹೊಸ ಎಕ್ಸ್‌ಪ್ರೆಸ್‌ವೇ ಚನ್ನಪಟ್ಟಣದ ಊರೊಳಗೆ ಹೋಗುವುದಿಲ್ಲ, ಆದ್ದರಿಂದ ಹಳೇ ರಸ್ತೆ ಹಿಡಿಯಿರಿ. ಅರ್ಧ ದಿನಕ್ಕೆ ಚೆನ್ನಾಗಿದೆ. ಕುಟುಂಬದಲ್ಲಿ ಕುಡಿಯದವರು ಜಾಸ್ತಿ ಇದ್ದರೆ ನಾನು ಇದನ್ನೇ ಹೇಳುತ್ತೇನೆ. ಮಕ್ಕಳಿಗೆ ಬೊಂಬೆ ಅಂಗಡಿಗಳು, ದೊಡ್ಡವರಿಗೆ ಮುಂದೆ ಮದ್ದೂರು ವಡೆ. ಯಾರಿಗೂ ಬೇಸರವಾಗುವುದಿಲ್ಲ.

ವಿಜಯಪುರ, ಕಲಬುರಗಿ ಕಡೆಯವರು ಬೆಂಗಳೂರಿಗೆ ಬರುವ ಬದಲು ಅಕ್ಲೂಜ್ ನೋಡಿ. ಸೋಲಾಪುರ ಜಿಲ್ಲೆಯ ಊರು, ಪಂಢರಪುರ ದಾಟಿ ಹೋಗಬೇಕು. ಅಲ್ಲಿ ಫ್ರಾಟೆಲ್ಲಿ ತೋಟ ಇದೆ. ಫ್ರಾಟೆಲ್ಲಿ ಅಂದರೆ ಇಟಲಿ ಭಾಷೆಯಲ್ಲಿ ಅಣ್ಣತಮ್ಮಂದಿರು. ಮೂರು ಕುಟುಂಬಗಳ ಸಹೋದರರು ಸೇರಿ ಕಟ್ಟಿದ್ದು. ವೈನ್ ಮಾಡುವುದಕ್ಕೆ ಟಸ್ಕನಿಯ ಪಿಯೆರೋ ಮಾಸಿ ಬಂದರು. ಆದ್ದರಿಂದ ಅವರ ತೋಟದಲ್ಲಿ ಇಟಲಿಯ ಸಾಂಜೊವೇಸೆ ದ್ರಾಕ್ಷಿ ಇದೆ. ಅದನ್ನು ಕೆಬರ್ನೆ ಜೊತೆ ಬೆರೆಸಿ ಮಾಡುವ 'ಸೆಟ್ಟೆ' ನಾನು ಕುಡಿದ ಭಾರತದ ಕೆಂಪು ವೈನುಗಳಲ್ಲಿ ಮೇಲಿನ ಸಾಲಿನದ್ದು. ಸಾಂಜೊವೇಸೆಯಲ್ಲಿ ಟೊಮೆಟೊದಂಥ ಹುಳಿ ಇರುತ್ತದೆ. ಜೋಳದ ರೊಟ್ಟಿ, ಎಣ್ಣೆಗಾಯಿ ಜೊತೆ ಒಂದು ಸಲ ಕುಡಿದು ನೋಡಿ.

ಕೊಪ್ಪಳ ಜಿಲ್ಲೆಯ ಹಂಪಿ ಬೆಟ್ಟಗಳ ಸೀಮೆಯಲ್ಲಿ ಕೃಷ್ಮಾ ಎಸ್ಟೇಟ್ಸ್ ಇದೆ. ಬಂಡೆಗಳ ನಾಡಿನಲ್ಲಿ ಬೆಳೆದ ಕೆಬರ್ನೆ ಸೊವಿನ್ಯೋನ್. ಪ್ರವಾಸಿಗರಿಗಾಗಿ ಕಟ್ಟಿದ ಜಾಗ ಅಲ್ಲ, ಮೊದಲೇ ಮಾತಾಡಿಕೊಂಡು ಹೋಗಬೇಕು. ಹೋಗಲು ಆಗದಿದ್ದರೆ ಬಾಟಲಿ ಬೆಂಗಳೂರಿನಲ್ಲಿ ಹುಡುಕಿ ಕೊಳ್ಳಿ.

ಯಾವ ತಿಂಗಳು?

ಯಾವ ತೋಟ ಅನ್ನುವುದಕ್ಕಿಂತ ಯಾವ ತಿಂಗಳು ಅನ್ನುವುದು ಮುಖ್ಯ. ಯುರೋಪಿನಲ್ಲಿ ಚಳಿಗೆ ಬಳ್ಳಿ ಮಲಗುತ್ತದೆ. ನಮ್ಮ ಸೆಕೆಯಲ್ಲಿ ಅದಕ್ಕೆ ನಿದ್ದೆಯೇ ಇಲ್ಲ, ಬಿಟ್ಟರೆ ವರ್ಷವಿಡೀ ಚಿಗುರುತ್ತಲೇ ಇರುತ್ತದೆ. ಅದಕ್ಕೇ ವರ್ಷಕ್ಕೆ ಎರಡು ಸಲ ಕತ್ತರಿ ಹಾಕುತ್ತಾರೆ. ವಿಜಯಪುರದ ದ್ರಾಕ್ಷಿ ರೈತರು ಇದನ್ನು ಚಾಟನಿ ಅನ್ನುತ್ತಾರೆ. ಏಪ್ರಿಲ್ ಹೊತ್ತಿಗೆ ಒಂದು ಚಾಟನಿ, ಕಡ್ಡಿ ಬೆಳೆಸುವುದಕ್ಕೆ. ಮಳೆಗಾಲ ಮುಗಿಯುವ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಇನ್ನೊಂದು, ಹಣ್ಣು ಬಿಡಿಸುವುದಕ್ಕೆ. ಹೀಗೆ ಮಾಡಿದರೆ ಹಣ್ಣು ಮಳೆಗೆ ಸಿಗದೆ ಜನವರಿಯಿಂದ ಮಾರ್ಚ್ ಒಳಗೆ ಕೊಯ್ಲಿಗೆ ಬರುತ್ತದೆ.

ಆದ್ದರಿಂದ ಜನವರಿ ಕೊನೆಯಿಂದ ಮಾರ್ಚ್ ಮೊದಲ ವಾರದವರೆಗೆ ಹೋದರೆ ಬಳ್ಳಿಯಲ್ಲಿ ಗೊಂಚಲು ನೋಡಬಹುದು. ಟ್ಯಾಂಕಿನ ಕೋಣೆಯಲ್ಲಿ ಹುದುಗುವ ವಾಸನೆ ಇರುತ್ತದೆ, ದೋಸೆ ಹಿಟ್ಟು ಉಕ್ಕಿದ ಬೆಳಗಿನ ಹಾಗೆ. ಒಂದು ಸಣ್ಣ ವೈನ್ ದ್ರಾಕ್ಷಿ ಬಾಯಿಗೆ ಹಾಕಿಕೊಳ್ಳಲು ಬಿಟ್ಟರೆ ಖಂಡಿತ ಹಾಕಿಕೊಳ್ಳಿ. ಅಂಗಡಿಯ ದ್ರಾಕ್ಷಿಗಿಂತ ಸಿಹಿ, ಸಿಪ್ಪೆ ದಪ್ಪ, ಒಳಗೆ ಬೀಜ. ಆ ಸಿಪ್ಪೆ ಮತ್ತು ಬೀಜ ಅಗಿದಾಗ ವಸಡು ಒಣಗಿದ ಹಾಗಾಗುತ್ತದಲ್ಲ, ಅದೇ ಟ್ಯಾನಿನ್. ನೇರಳೆ ಹಣ್ಣು ತಿಂದಾಗ ಬರುವ ಒಗರು. ಕೆಂಪು ವೈನನ್ನು ಸಿಪ್ಪೆ ಸಮೇತ ಹುದುಗಿಸುವುದರಿಂದ ಬಣ್ಣವೂ ಒಗರೂ ಅಲ್ಲಿಂದ ಬರುತ್ತವೆ. ಪುಸ್ತಕದಲ್ಲಿ ಎಷ್ಟು ಸಲ ಓದಿದರೂ ನನಗೆ ಅರ್ಥವಾಗದ ಈ ವಿಷಯ ಒಂದು ಹಣ್ಣು ತಿಂದಾಗ ಅರ್ಥವಾಯಿತು.

ಮಳೆಗಾಲದಲ್ಲಿ ನಾಸಿಕ್, ಇಗತ್‌ಪುರಿ ಹಸಿರೋ ಹಸಿರು. ಹಾಯಾಗಿರಲು ಹೋಗುವವರಿಗೆ ಅದೇ ಒಳ್ಳೆಯ ಸಮಯ. ಗೊಂಚಲು ಮಾತ್ರ ಕಾಣುವುದಿಲ್ಲ. ಏಪ್ರಿಲ್, ಮೇ ಬೇಡ. ಕತ್ತರಿಸಿದ ಮೋಟು ಬಳ್ಳಿಗಳು, ಉರಿ ಬಿಸಿಲು.

ಗ್ಲಾಸಿನ ಮುಂದೆ ಕೂತಾಗ

ಎಲ್ಲಿಗೇ ಹೋದರೂ ನೊರೆ ವೈನು, ಬಿಳಿ, ರೋಸೆ (ತಿಳಿಗೆಂಪು), ಕೆಂಪು, ಕೊನೆಗೆ ಸಿಹಿ, ಈ ಕ್ರಮದಲ್ಲಿ ಕೊಡುತ್ತಾರೆ. ಉಗುಳಲು ಪಾತ್ರೆ ಇಟ್ಟಿರುತ್ತಾರೆ. ನಮ್ಮವರಿಗೆ ಅದನ್ನು ಬಳಸಲು ಸಂಕೋಚ. ಬಳಸಿ. ರುಚಿ ನೋಡುವುದನ್ನೇ ಕೆಲಸ ಮಾಡಿಕೊಂಡವರೆಲ್ಲ ಉಗುಳುತ್ತಾರೆ. ತಲಾ 30 ಮಿಲಿಯಂತೆ ಆರು ವೈನ್ ನುಂಗಿದರೆ 180 ಮಿಲಿ ಹೊಟ್ಟೆಗೆ ಹೋಯಿತು. ಗಾಡಿ ಓಡಿಸುವವರ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ ಅಪರಾಧ. ಕುಡಿಯದ ಒಬ್ಬರು ಜೊತೆಗಿರಲಿ, ಇಲ್ಲವೇ ಕ್ಯಾಬ್ ಮಾಡಿ. ನಂದಿಯ ದಾರಿಗೂ ಇದು ಅನ್ವಯ. ಹತ್ತಿರ ಅಂತ ಸಡಿಲ ಬಿಡಬೇಡಿ.

ಒಂದು ತೋಟದಲ್ಲಿ ಕೆಂಪು ವೈನನ್ನು ಮಾರ್ಚ್ ಸೆಕೆಯ ಕೋಣೆಯಿಂದ ನೇರವಾಗಿ ತಂದು ಸುರಿದರು. ಕುಡಿದರೆ ಗಂಟಲು ಉರಿ, ಹಣ್ಣಿನ ರುಚಿಯೇ ಇಲ್ಲ. ವೈನ್ ಕೆಟ್ಟದ್ದು ಅಂದುಕೊಂಡೆ. ಅದೇ ಬಾಟಲಿ ತಂದು ಮನೆಯಲ್ಲಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಕುಡಿದಾಗ ಬೇರೆಯೇ ವೈನ್! ಕೆಂಪು ವೈನನ್ನು 'ಕೋಣೆಯ ಉಷ್ಣತೆಯಲ್ಲಿ' ಕುಡಿಯಬೇಕು ಅನ್ನುವುದು ಯುರೋಪಿನ ತಣ್ಣನೆಯ ಕೋಣೆಗಳ ಮಾತು. 16ರಿಂದ 18 ಡಿಗ್ರಿ. ನಮ್ಮ ಕೋಣೆ 30 ಡಿಗ್ರಿ ಇರುತ್ತದೆ. ಬೆಚ್ಚಗಿದ್ದರೆ ಸ್ವಲ್ಪ ತಂಪು ಮಾಡಿ ಕೊಡಿ ಅಂತ ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ಊಟದ ವಿಷಯದಲ್ಲಿ ತೋಟಗಳ ಹೋಟೆಲುಗಳು ಪಿಜ್ಜಾ, ಚೀಸ್ ಕಡೆಗೇ ವಾಲುತ್ತವೆ. ಬಾಟಲಿ ಮನೆಗೆ ತಂದು ನಮ್ಮ ಅಡುಗೆ ಜೊತೆ ಕುಡಿದಾಗಲೇ ನಿಜವಾದ ಖುಷಿ. ಸೊವಿನ್ಯೋನ್ ಬ್ಲಾಂಕ್ ಅನ್ನುವ ಬಿಳಿ ವೈನಿನಲ್ಲಿ ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆ ಇರುತ್ತದೆ, ನೀರುದೋಸೆ ಮತ್ತು ನಿಂಬೆ ಹಿಂಡಿದ ಮೀನು ಫ್ರೈಗೆ ಹೇಳಿ ಮಾಡಿಸಿದ ಹಾಗೆ. ಕೋರಿ ಗಸಿಯ ತೆಂಗಿನಕಾಯಿಗೆ ವಿಯೋನಿಯೆ. ಖಾರದ ಚಿಕನ್ ಘೀ ರೋಸ್ಟ್ ಇದ್ದರೆ ಸ್ವಲ್ಪ ಸಿಹಿ ಇರುವ ಶೆನಾನ್. ಖಾರಕ್ಕೆ ಒಗರು ಕೆಂಪು ವೈನ್ ಸೇರಿದರೆ ಬಾಯಿ ಇನ್ನೂ ಉರಿಯುತ್ತದೆ, ಸಿಹಿ ಅದನ್ನು ಇಳಿಸುತ್ತದೆ. ಲೇಟ್ ಹಾರ್ವೆಸ್ಟ್ ವೈನನ್ನು ಮೈಸೂರು ಪಾಕಿನ ಜೊತೆ ಕುಡಿಯಬೇಡಿ. ತಿಂಡಿ ವೈನಿಗಿಂತ ಸಿಹಿಯಾದರೆ ವೈನ್ ಹುಳಿಯಾಗಿ ಕಾಣುತ್ತದೆ. ಕಾಯಿ ಹೋಳಿಗೆ ಪರವಾಗಿಲ್ಲ.

ಹಾಗಾದರೆ ಎಲ್ಲಿಗೆ?

ಇದುವರೆಗೂ ತೋಟವನ್ನೇ ನೋಡದವರು, ಬೆಂಗಳೂರಿನ ಆಸುಪಾಸಿನವರು: ನಂದಿ, ವಾರದ ನಡುವೆ, ಫೆಬ್ರವರಿಯಲ್ಲಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ನಾಸಿಕ್ ಎರಡನೇ ಪ್ರವಾಸಕ್ಕೆ ಇರಲಿ. ನಂದಿಯಲ್ಲಿ ಹುಳಿ, ಒಗರು, ಘಮ ಅಂದರೇನು ಅಂತ ಗೊತ್ತು ಮಾಡಿಕೊಂಡು ಹೋದವರಿಗೆ ನಾಸಿಕ್ ಕೊಡುವುದು ತುಂಬ ಜಾಸ್ತಿ. ಮದುವೆಯ ದಿನದ ನೆನಪಿಗೆ, ಗೆಳೆಯರ ಗುಂಪಿಗೆ, ರಜೆಗೆ ಅಂತ ಹೋಗುವವರು ಮೊದಲೇ ನಾಸಿಕ್ಕಿಗೆ ಹೋದರೂ ಸರಿ. ಉಳಿಯಲು ತೋಟದೊಳಗೇ ಹೋಟೆಲುಗಳಿವೆ. ಒಂದು ದಿನ ಸುಲಾಗೆ ಕೊಡಿ, ಇನ್ನೊಂದು ದಿನ ವ್ಯಾಲೋನಿನಂಥ ಸಣ್ಣ ತೋಟಕ್ಕೆ.

ಬೇರೆ ರಾಜ್ಯದಿಂದ ಬಾಟಲಿ ತರುವುದಕ್ಕೆ ಅಬಕಾರಿ ನಿಯಮಗಳಿವೆ. ಎಷ್ಟು ತರಬಹುದು ಅಂತ ಕೇಳಿಕೊಂಡು, ಬಿಲ್ಲು ಜೋಪಾನವಾಗಿ ಇಟ್ಟುಕೊಳ್ಳಿ. ಕಾರಿನ ಡಿಕ್ಕಿಯಲ್ಲಿ ಬಿಸಿಲಿಗೆ ಬಿಡಬೇಡಿ. ನನ್ನ ಒಂದು ವಿಯೋನಿಯೆ ಬಾಟಲಿ ಹಾಗೆ ಹಾಳಾಯಿತು. ತೆರೆದಾಗ ಮಲ್ಲಿಗೆ ಹೋಗಿ, ಬೇಯಿಸಿದ ಸೇಬಿನ ವಾಸನೆ ಮಾತ್ರ ಉಳಿದಿತ್ತು.

ಹೋದ ಚಳಿಗಾಲದಲ್ಲಿ ಅಕ್ಕನ ಮನೆಯಲ್ಲಿ ಎರಡು ಶಿರಾಜ್ ಒಟ್ಟಿಗೆ ತೆರೆದೆವು. ಒಂದು ನಂದಿಯದು, ಒಂದು ನಾಸಿಕ್ಕಿನದು. ಅಂಗಡಿಯಲ್ಲಿ ಕೊಟ್ಟ ದುಡ್ಡು ಹೆಚ್ಚುಕಡಿಮೆ ಒಂದೇ. ಬಾಟಲಿಗೆ ಕಾಗದ ಸುತ್ತಿ ಯಾವುದು ಯಾವುದೆಂದು ತಿಳಿಯದ ಹಾಗೆ ಇಟ್ಟೆ. ಆರು ಜನ, ರಾಗಿ ಮುದ್ದೆ, ನಾಟಿ ಕೋಳಿ ಸಾರು. ನಾಸಿಕ್ಕಿನದು ದಪ್ಪ, ಹಣ್ಣು ಹಣ್ಣು, ನಂದಿಯದು ಸ್ವಲ್ಪ ತೆಳು, ಮೆಣಸು ಜಾಸ್ತಿ. ಮೊದಲ ಗುಟುಕಿಗೆ ಎಲ್ಲರೂ ನಾಸಿಕ್ ಚೆನ್ನಾಗಿದೆ ಅಂದರು. ಊಟ ಮುಗಿಯುವ ಹೊತ್ತಿಗೆ ಖಾಲಿಯಾಗಿದ್ದದ್ದು ನಂದಿಯ ಬಾಟಲಿ. ಕೊನೆಯ ಗ್ಲಾಸು ಹಾಕಿಕೊಂಡವಳು ಮೆಣಸಿನ ವಾಸನೆಯೇ ತಿಳಿಯದ ನಮ್ಮಕ್ಕ.